ಮಕ್ಕಳ ತೊಟ್ಟಿಲು, ಪಕ್ಕದಲ್ಲೇ ಇಸ್ಪೀಟಿನ ಚಾಪೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ, ಹೊಡೆತ ಬಡಿತ ಎಂದ ಕೂಡಲೇ ನಾವು ಮನೆಯ ನಾಲ್ಕು ಗೋಡೆಗಳ ಒಳಗಿನ ಮಾತು ಆಡುತ್ತೇವೆ. ಇವತ್ತು ನಾನು ಗೋಡೆಯೇ ಇಲ್ಲದ ಒಂದು ಜಾಗದ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಅದು ಜಾತ್ರೆಯ ಬಯಲು.

ನಮ್ಮ ನಾಡಿನಲ್ಲಿ ಜಾತ್ರೆಯಿಲ್ಲದ ಸೀಮೆಯಿಲ್ಲ. ಬೆಂಡು ಬತ್ತಾಸು, ಪೀಪಿ, ಬಲೂನು, ತಿರುಗುವ ತೊಟ್ಟಿಲು ಎಂದು ಮಕ್ಕಳು ವರ್ಷವಿಡೀ ಆ ದಿನಕ್ಕೆ ಕಾಯುತ್ತಾರೆ. ಆದರೆ ಎಷ್ಟೋ ಊರುಗಳಲ್ಲಿ ಆ ತೊಟ್ಟಿಲಿನ ಹಿಂದೆಯೇ ಟಾರ್ಪಾಲು ಕಟ್ಟಿ ಇಸ್ಪೀಟು ಆಡಿಸುತ್ತಾರೆ. ಅದರ ಹಿಂದೆ ಹೆಂಡದ ವ್ಯಾಪಾರ. ಕರಾವಳಿಯ ಕಡೆ ಕೋಳಿ ಅಂಕದ ಬಾಜಿ. ಕುಡಿತ, ಜೂಜು ಇರುವಲ್ಲಿ ಮಕ್ಕಳ ಆಟ ಇರಬಹುದೆ? ಇದೇ ನನ್ನ ಪ್ರಶ್ನೆ.

ನನ್ನದೇ ಕತೆ ಹೇಳಿಬಿಡುತ್ತೇನೆ. ನನಗಾಗ ಏಳು ವರ್ಷ. ಸಾರಾಯಿ ಪ್ಯಾಕೆಟ್ಟಿನ ಕಾಲ ಅದು. ಜಾತ್ರೆಯ ದಿನ ಅವ್ವ ನನ್ನನ್ನು ಅಪ್ಪನ ಜೊತೆ ಕಳಿಸಿದಳು. “ಕೂಸು ಜೋಡಿ ಇದ್ರ ಅಂವ ಎಲ್ಲೂ ಕೂಡಂಗಿಲ್ಲ” ಎಂದು ಅಜ್ಜಿಗೆ ಹೇಳಿದ್ದು ನನಗೂ ಕೇಳಿಸಿತ್ತು. ಅಪ್ಪ ತೊಟ್ಟಿಲಿನವನ ಕೈಗೆ ಹಣ ಕೊಟ್ಟು, “ಇಳಿಸಬ್ಯಾಡ, ತಿರುಗಸ್ತಿರು” ಎಂದ. ತೊಟ್ಟಿಲು ಮೇಲೆ ಹೋದಾಗಲೆಲ್ಲ ಟಾರ್ಪಾಲಿನ ಆಚೆ ಚಾಪೆಯ ಮೇಲೆ ಕೂತ ಅಪ್ಪ ಕಾಣುತ್ತಿದ್ದ. ಮೊದಲು ಬಹಳ ಖುಷಿಯಾಯಿತು. ಆಮೇಲೆ ತಲೆ ಸುತ್ತಿ ವಾಂತಿಯಾಯಿತು. ಇಳಿದು ಅಳುತ್ತ ಅಪ್ಪನ ಹತ್ತಿರ ಹೋದೆ. ಅವನು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೋದರಮಾವ ಮಾಡಿಸಿದ್ದ ಬೆಳ್ಳಿ ಕಾಲ್ಗೆಜ್ಜೆ ಬಿಚ್ಚಿ ಚಾಪೆಯ ಮೇಲಿಟ್ಟ. “ಕಳದು ಹೋದ್ವು ಅಂತ ಹೇಳು. ಅವ್ವಗ ಹೇಳಿದ್ರ ಮುಂದಿನ ಜಾತ್ರಿಗೆ ಕರ್ಕೊಂಡು ಬರಂಗಿಲ್ಲ” ಎಂದ.

ರಾತ್ರಿಯವರೆಗೆ ಬಾಯಿ ಕಟ್ಟಿಕೊಂಡಿದ್ದೆ. ಅವ್ವ ಕಾಲು ನೋಡಿ ಕೇಳಿದಳು, ನಾನು ಹೇಳಿಬಿಟ್ಟೆ. ಅವ್ವ ಅಪ್ಪನನ್ನು ಕೇಳಿದಳು. ಆ ರಾತ್ರಿ ಅವಳಿಗೆ ಬಿದ್ದ ಹೊಡೆತ ನಾನು ಇನ್ನೂ ಮರೆತಿಲ್ಲ. ಸೋತ ಹಣ ತವರಿಂದ ತಾ ಎಂದು ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಿದ. ನಾನು ಬಾಯಿ ಬಿಟ್ಟಿದ್ದಕ್ಕೇ ಅವ್ವ ಹೊಡೆತ ತಿಂದಳೆಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ.

ಅಕ್ಕತಂಗಿಯರೆ, ಆವತ್ತು ನಾನು ಆಟ ಆಡಲಿಲ್ಲ. ಅವ್ವ ನನ್ನನ್ನು ಕಾವಲಿಗೆ ಕಳಿಸಿದ್ದಳು. ಅಪ್ಪನಿಗೆ ನಾನೊಂದು ನೆಪವಾಗಿದ್ದೆ. ಚಾಪೆ ಹಾಸಿದವನಿಗೂ ನನ್ನಿಂದ ಲಾಭವಿತ್ತು. ಅಳುವ ಮಗುವಿದ್ದ ಗಂಡಸು ಮನೆಗೆ ಹೊರಡುತ್ತಾನೆ. ಮಗು ತೊಟ್ಟಿಲಿನಲ್ಲಿ ನಗುತ್ತಿದ್ದರೆ ಇನ್ನೊಂದು ಆಟಕ್ಕೆ ಕೂರುತ್ತಾನೆ. ಅಂಥ ಜಾಗದಲ್ಲಿ ಮಕ್ಕಳ ಆಟ ಮಕ್ಕಳಿಗಾಗಿ ಇರುವುದಿಲ್ಲ, ದೊಡ್ಡವರನ್ನು ಕೂರಿಸುವುದಕ್ಕಾಗಿ ಇರುತ್ತದೆ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಸೋತ ಹಣಕ್ಕೆ ತವರಿನ ದಾರಿ ತೋರಿಸುವುದನ್ನು ನಾವು ‘ಮನೆ ಜಗಳ’ ಎಂದು ತಳ್ಳಿಹಾಕುತ್ತೇವೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಮದುವೆಯ ನಂತರದ ಬೇಡಿಕೆಯೂ ಸೇರಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಯ ಸ್ತ್ರೀಧನ ಕಿತ್ತುಕೊಳ್ಳುವುದನ್ನು ಆರ್ಥಿಕ ದೌರ್ಜನ್ಯವೆಂದು ಹೇಳುತ್ತದೆ. ಚಾಪೆಯ ಮೇಲೆ ಹೋದ ಓಲೆ, ಚೈನು, ಸಂಘದ ಸಾಲದ ಕಂತು ಎಲ್ಲವೂ ಈ ಲೆಕ್ಕಕ್ಕೆ ಬರಬೇಕು.

ಇನ್ನು ಮಕ್ಕಳು ಅಲ್ಲಿ ಏನು ಕಲಿಯುತ್ತಾರೆ ನೋಡಿ. ಹಣ ಕೊಟ್ಟು ರಿಂಗು ಎಸೆಯುವುದು, ನಂಬರಿನ ಚಕ್ರ ತಿರುಗಿಸುವುದು, ಬಂದರೆ ಗಡಿಯಾರ, ಇಲ್ಲದಿದ್ದರೆ ಪೆಪ್ಪರಮೆಂಟು. ಇದನ್ನು ಮಕ್ಕಳ ಆಟವೆನ್ನುತ್ತೇವೆ. ಹೋದ ಹಣ ವಾಪಸು ಬರಲೆಂದು ಇನ್ನೊಮ್ಮೆ ಹಣ ಹಾಕುವ ಚಟಕ್ಕೆ ಇದೇ ಮೊದಲ ಪಾಠ. ಎರಡು ಹೆಜ್ಜೆ ಆಚೆ ಅಪ್ಪ ಮಾಡುತ್ತಿರುವುದೂ ಅದನ್ನೇ. 2007ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ಪ್ಯಾಕೆಟ್ಟು ಹೋಯಿತು. ಈಗ ಅಗ್ಗದ ವಿಸ್ಕಿ ಹಣ್ಣಿನ ರಸದಂಥದೇ ಪೊಟ್ಟಣದಲ್ಲಿ ಬರುತ್ತದೆ. ಖಾಲಿ ಪೊಟ್ಟಣ ಆರಿಸಿ ಆಡುವ ಮಗುವಿಗೆ ಎರಡಕ್ಕೂ ಏನು ವ್ಯತ್ಯಾಸ ತಿಳಿದೀತು?

ಕಾನೂನು ಇಲ್ಲವೆ? ಇದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಜೂಜಿನ ಅಡ್ಡೆ ನಡೆಸುವುದು ಅಪರಾಧ, ಅಲ್ಲಿ ಆಡುವುದೂ ಅಪರಾಧ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ 2025ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಹಾಗಿದ್ದ ಮೇಲೆ ಜಾತ್ರೆಯ ಚಾಪೆಗೆ ಮಾತ್ರ ಯಾಕೆ ವಿನಾಯಿತಿ? ಮಗುವಿಗೆ ಮದ್ಯ ಕೊಟ್ಟರೆ, ಮಗುವಿನ ಕೈಯಲ್ಲಿ ಮದ್ಯ ಮಾರಿಸಿದರೆ, ತರಿಸಿದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಪರವಾನಗಿ ಕೊಡಬಾರದೆಂದು ನಮ್ಮ ಅಬಕಾರಿ ನಿಯಮವೇ ಹೇಳುತ್ತದೆ. ಶಾಲೆಯಲ್ಲಿ ಕೂತ ಮಗು, ಜಾತ್ರೆಯ ತೊಟ್ಟಿಲಿನಲ್ಲಿ ಕೂತ ಮಗು ಬೇರೆ ಬೇರೆಯೇನು?

“ಹಾಗಾದರೆ ಮಕ್ಕಳನ್ನು ಜಾತ್ರೆಗೇ ಕಳಿಸಬೇಡಿ” ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಯಲು ಬಿಟ್ಟು ಹೋಗಬೇಕಾದದ್ದು ಮಗುವಲ್ಲ, ಬಾಟಲಿ ಮತ್ತು ಚಾಪೆ. “ಇದೆಲ್ಲ ಹಿಂದಿನಿಂದ ಬಂದ ಪದ್ಧತಿ” ಎನ್ನುತ್ತಾರೆ. ದೈವಕ್ಕೆ ಸಲ್ಲುವ ಸೇವೆಯ ಮಾತು ನಾನು ಆಡುತ್ತಿಲ್ಲ. ದೇವರ ಹೆಸರಲ್ಲಿ ನಡೆಯುವ ವ್ಯಾಪಾರದ ಮಾತು ಆಡುತ್ತಿದ್ದೇನೆ. ನಮ್ಮಲ್ಲೇ ಕೆಲವು ತಾಯಂದಿರು, “ಮಗು ಜೊತೆಗಿದ್ದರೆ ಗಂಡಸು ಹದ್ದುಬಸ್ತಿನಲ್ಲಿ ಇರುತ್ತಾನೆ” ಎನ್ನುತ್ತಾರೆ. ನನ್ನ ಅವ್ವನೂ ಹಾಗೇ ನಂಬಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಬೇರೆ ದಾರಿ ಇರಲಿಲ್ಲ. ಆಗ ಸಂಘ ಇರಲಿಲ್ಲ. ಈಗ ಇದೆ. ದೊಡ್ಡವರು ಮಾಡಬೇಕಾದ ಕಾವಲನ್ನು ಏಳು ವರ್ಷದ ಕೂಸಿನ ತಲೆಗೆ ಕಟ್ಟಬೇಡಿ.

1990ರ ದಶಕದ ಆರಂಭದಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಕ್ಷರ ಕಲಿಯಲು ಕೂತವರು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಚಳವಳಿ ಜಿಲ್ಲೆಯನ್ನು, ರಾಜ್ಯವನ್ನು ಹಬ್ಬಿತು. 1993ರಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ತಿ ಪಾನನಿಷೇಧ ಬಂತು. 1997ರಲ್ಲಿ ಸರ್ಕಾರ ಪಾನನಿಷೇಧ ಕೈಬಿಟ್ಟಿತು. ಮೇಲಿನಿಂದ ಬಂದದ್ದನ್ನು ಮೇಲಿನವರೇ ವಾಪಸು ತೆಗೆದುಕೊಳ್ಳಬಹುದು. ನಮ್ಮ ಊರಿನ ಬಯಲನ್ನು ನಾವೇ ಕಾಯ್ದುಕೊಂಡರೆ ಅದನ್ನು ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ. ಅದಕ್ಕೇ ಇವತ್ತು ಸಣ್ಣ ಬೇಡಿಕೆಯಿಂದ ಶುರುಮಾಡೋಣ.

ಒಂದು. ಜಾತ್ರೆಗೆ ಎರಡು ತಿಂಗಳು ಮೊದಲೇ ಸಂಘದ ಸಭೆಯಲ್ಲಿ ನಿರ್ಣಯ ಬರೆಯಿರಿ. ಆಟ, ಅಂಗಡಿಗಳಿಗೆ ಜಾಗ ಕೊಡುವವರು ಪಂಚಾಯ್ತಿಯೊ, ಜಾತ್ರಾ ಸಮಿತಿಯೊ, ದೇವಸ್ಥಾನದ ಆಡಳಿತವೊ ತಿಳಿದು ಅರ್ಜಿ ಕೊಡಿ. ಮಕ್ಕಳ ಆಟಕ್ಕೆ ಬೇರೆಯೇ ಜಾಗ, ಬೇರೆಯೇ ದಾರಿ, ಒಳ್ಳೆಯ ಬೆಳಕು ಇರಲಿ ಎಂದು ಕೇಳಿ. ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಳ್ಳಲು ಮರೆಯಬೇಡಿ.

ಎರಡು. ಜಾತ್ರೆಯ ದಿನಗಳಲ್ಲಿ ಸುತ್ತಲಿನ ಮದ್ಯದಂಗಡಿ ಮುಚ್ಚಿಸಲು ಜಿಲ್ಲಾಧಿಕಾರಿಗಳು ಆದೇಶ ಮಾಡಬಲ್ಲರು. ಒಂದು ಸಂಘ ಬರೆದರೆ ಕಾಗದ, ಹತ್ತು ಸಂಘ ಸೇರಿ ಬರೆದರೆ ಒತ್ತಾಯ.

ಮೂರು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಈ ಮಾತು ಎತ್ತಲಿ. ಅವರು ಕಂಡದ್ದನ್ನು ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು.

ನಾಲ್ಕು. ಜಾತ್ರೆಯಲ್ಲಿ ಸಂಘದ್ದೊಂದು ಚಪ್ಪರ ಹಾಕಿ. ಮಗು ದಣಿದರೆ, ಹೆದರಿದರೆ, ತಪ್ಪಿಸಿಕೊಂಡರೆ ಅಲ್ಲಿಗೆ ಬರಲಿ. ಮಕ್ಕಳಿಗೆ 1098, ಹೆಂಗಸರಿಗೆ 181, ಪೊಲೀಸರಿಗೆ 112. ಈ ಮೂರು ನಂಬರು ದೊಡ್ಡದಾಗಿ ಬರೆದು ಹಾಕಿ.

ಕೊನೆಯದು ಮನೆಯೊಳಗಿನ ಕೆಲಸ. ಜಾತ್ರೆಯಿಂದ ಬಂದ ಮಗುವನ್ನು “ಅಪ್ಪ ಎಲ್ಲಿ ಕೂತಿದ್ದ?” ಎಂದು ಕೇಳಬೇಡಿ. “ನೀನೇನು ಆಡಿದೆ?” ಎಂದು ಕೇಳಿ. ಮಗು ತಾನಾಗಿ ಹೇಳಿದ ಮಾತಿನಿಂದ ಮನೆಯಲ್ಲಿ ಜಗಳವಾದರೆ ಅದನ್ನು ಹತ್ತಿರ ಕರೆದು, ಇದು ನಿನ್ನ ತಪ್ಪಲ್ಲ ಎಂದು ಬಾಯಿಬಿಟ್ಟು ಹೇಳಿ. ನನಗೆ ಆ ಮಾತು ಯಾರೂ ಹೇಳಲಿಲ್ಲ. ನಿಮ್ಮ ಮಕ್ಕಳಿಗೆ ನೀವು ಹೇಳಿ.

ಮುಂದಿನ ಜಾತ್ರೆಗೆ ಇನ್ನೂ ಸಮಯವಿದೆ. ಇವತ್ತೇ ನಿರ್ಣಯದ ಪುಸ್ತಕ ತೆಗೆಯೋಣ.