ಗವಾಯಿಗಳ ನಾಟಕ ಕಂಪನಿ

ಬೇಲೂರಿನ ಚೆನ್ನಕೇಶವನ ನವರಂಗದಲ್ಲಿ ನುಣುಪಾದ ಕಲ್ಲಿನ ದುಂಡು ವೇದಿಕೆಯಿದೆ, ನೋಡಿರುತ್ತೀರಿ. ನಾಟ್ಯಕ್ಕೆ ಅಷ್ಟು ಚೆಂದದ ನೆಲ ಹಾಸಿದ ಸೀಮೆ ನಮ್ಮದು. ಅದರ ಮುಂದೆ ನಿಂತಾಗಲೆಲ್ಲ ನನಗೆ ಗದುಗಿನ ಒಂದು ನಾಟಕ ಕಂಪನಿ ನೆನಪಾಗುತ್ತದೆ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಅವರಂತೆಯೇ ಅಂಧರಾದ ಶಿಷ್ಯ ಪುಟ್ಟರಾಜ ಗವಾಯಿಗಳು ಮುಂದುವರಿಸಿದ್ದು. ನಾಟಕ ಬರೆದವರು ಅವರೇ, ಹಾಡಿಗೆ ರಾಗ ಕೂರಿಸಿದವರೂ ಅವರೇ, ಹಾರ್ಮೋನಿಯಂ ಮುಂದೆ ಕೂತವರೂ ಅವರೇ. ಟಿಕೆಟಿನ ದುಡ್ಡು ಅವರ ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳ ಅನ್ನಕ್ಕೆ, ಪಾಠಕ್ಕೆ. ಎಂಥ ಅಭಿಮಾನದ ದುಡಿಮೆ! ಕಣ್ಣು ಕಾಣದವರೇ ರಂಗ ನಡೆಸಿದ ಈ ಕಥೆ ನೆನೆದರೆ, ಅರಸೀಕೆರೆಯಲ್ಲಿ, ಹಳೇಬೀಡಿನಲ್ಲಿ ಮುಂದೆ ರಂಗಮಂದಿರ ಕಟ್ಟುವವರು ಪ್ರೇಕ್ಷಕರ ಬಾಗಿಲಿಗಷ್ಟೇ ಇಳಿಜಾರು ಹಾಕಿ ಸುಮ್ಮನಾಗಬಾರದು. ಗಾಲಿಕುರ್ಚಿಯಲ್ಲಿ ಕೂತ ನಟ ಬಣ್ಣದ ಮನೆಯಿಂದ ನೇರ ವೇದಿಕೆಗೆ ಬರುವಂತಿರಬೇಕು.