ಕಂಪ್ಯೂಟರ್ ಜಾಲದ ದಾಖಲಾತಿ ವಹಿ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಲಾ ಸಿಬ್ಬಂದಿಯ ತರಬೇತಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಜಾಲದಲ್ಲಿ ‘ಡೈರೆಕ್ಟರಿ’ ಎಂದರೇನು ಎಂಬುದನ್ನು ತಾಂತ್ರಿಕ ಶಿಕ್ಷಣ ಪಡೆಯದವರಿಗೂ ತಿಳಿಯುವಂತೆ ಹೇಳಲು ನನಗೆ ಸೂಚಿಸಲಾಗಿದೆ. ನಾನು ಉರ್ದು, ಕನ್ನಡ ಕಲಿಸುವವನು. ಆದ್ದರಿಂದ ನಮಗೆಲ್ಲ ಪರಿಚಿತವಾದ ಶಾಲೆಯ ದಾಖಲಾತಿ ವಹಿಯಿಂದಲೇ ಆರಂಭಿಸುತ್ತೇನೆ.

ಮಗು ಶಾಲೆಗೆ ಸೇರಿದ ದಿನ ಆ ವಹಿಯಲ್ಲಿ ಒಂದು ಸಂಖ್ಯೆ ಬೀಳುತ್ತದೆ. ತರಗತಿ ಬದಲಾಗುತ್ತದೆ, ಹಾಜರಿ ಪುಸ್ತಕ ಬದಲಾಗುತ್ತದೆ, ಆ ಸಂಖ್ಯೆ ಬದಲಾಗದು. ವರ್ಗಾವಣೆ ಪತ್ರ ಪಡೆದು ಹೋದ ಮೇಲೂ ಹೆಸರನ್ನು ಹೊಡೆದುಹಾಕುವುದಿಲ್ಲ, ಎದುರಿಗೆ ಷರಾ ಬರೆಯುತ್ತೇವೆ. (ದಾಖಲೆ, ಹಾಜರಿ, ಷರಾ, ದಫ್ತರು ಇವೆಲ್ಲ ಅರಬ್ಬಿ-ಫಾರಸಿಯಿಂದ ಬಂದು ಕನ್ನಡ ಕಚೇರಿಗಳಲ್ಲಿ ನೆಲೆಸಿದ ಪದಗಳು. ‘ಡೈರೆಕ್ಟರಿ’ಗೂ ಜಾಗ ಸಿಕ್ಕೀತು.)

ಜಾಲದ ಡೈರೆಕ್ಟರಿ ಇಂಥದೇ ಒಂದು ವಹಿ. ಸರ್ವರ್ ಎಂಬ ಮುಖ್ಯ ಕಂಪ್ಯೂಟರ್ ಅದನ್ನು ಇಟ್ಟುಕೊಂಡಿರುತ್ತದೆ. ಮೈಕ್ರೋಸಾಫ್ಟ್ ಕಂಪನಿಯ ‘ಆಕ್ಟಿವ್ ಡೈರೆಕ್ಟರಿ’ 2000ರಲ್ಲಿ ವಿಂಡೋಸ್ 2000 ಜೊತೆಗೆ ಬಂದಿತು. ಇಂದಿಗೂ ಅನೇಕ ಕಚೇರಿಗಳಲ್ಲಿರುವುದು ಅದೇ. ನೀವು ಯಾವ ಕಂಪ್ಯೂಟರಿನ ಮುಂದೆ ಕುಳಿತು ಹೆಸರು, ಪಾಸ್‌ವರ್ಡ್ ಕೊಟ್ಟರೂ ಆ ಯಂತ್ರ ಸರ್ವರನ್ನು ಕೇಳುತ್ತದೆ: ಇವರು ಯಾರು? ಯಾವ ಗುಂಪಿನವರು? ಗುಮಾಸ್ತರ ಗುಂಪಿನವರಾದರೆ ಶುಲ್ಕದ ಕಡತ ತೆರೆಯುತ್ತದೆ, ಶಿಕ್ಷಕರಾದರೆ ಅಂಕಪಟ್ಟಿ. ಹೊಸಬರು ಬಂದರೆ ಗುಂಪಿಗೆ ಸೇರಿಸಿದರೆ ಸಾಕು, ಒಂದೊಂದು ಕಡತಕ್ಕೂ ಬೇರೆ ಬೇರೆ ಅನುಮತಿ ಕೊಡಬೇಕಾಗಿಲ್ಲ.

ಒಂದೇ ಹೆಸರಿನ ಇಬ್ಬರಿದ್ದರೆ? ಉರ್ದುವಿನ ಸೇ, ಸೀನ್, ಸ್ವಾದ್ ಮೂರೂ ಕನ್ನಡದಲ್ಲಿ ‘ಸ’ ಆಗುತ್ತವೆ. ಮೊಹಮ್ಮದ್ ಎಂಬ ಹೆಸರು ಇಂಗ್ಲಿಷಿಗೆ ಹೋದರೆ ನಾಲ್ಕಾರು ರೂಪ ತಾಳುತ್ತದೆ. ಇದರಿಂದ ವಿದ್ಯಾರ್ಥಿವೇತನದ ಅರ್ಜಿಗಳು ತಿರುಗಿ ಬರುವುದು ನಿಮಗೆ ಗೊತ್ತೇ ಇದೆ. ಡೈರೆಕ್ಟರಿ ಒಳಗೆ ಗುರುತಿಸುವುದು ಹೆಸರಿನಿಂದಲ್ಲ, ಪ್ರತಿಯೊಂದು ಖಾತೆಗೂ ತಾನೇ ಕೊಟ್ಟ ಸಂಖ್ಯೆಯಿಂದ. ನಮ್ಮ ಶಾಲೆಗಳಿಗೆ 11 ಅಂಕಿಗಳ ಯು-ಡೈಸ್ ಸಂಖ್ಯೆ ಇರುವಂತೆ. ಕರ್ನಾಟಕದ ಶಾಲೆಗಳದು 29ರಿಂದ ಆರಂಭವಾಗುತ್ತದೆ, ಆಮೇಲೆ ಜಿಲ್ಲೆ, ತಾಲ್ಲೂಕು, ಊರು, ಶಾಲೆ. ಅದಕ್ಕೇ ಕೆಲಸ ಬಿಟ್ಟವರ ಖಾತೆಯನ್ನು ಅಂದೇ ಸ್ಥಗಿತಗೊಳಿಸಬೇಕು, ಅವಸರದಲ್ಲಿ ಅಳಿಸಬಾರದು. ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ತೆರೆದರೆ ಅದು ಹೊಸ ಸಂಖ್ಯೆಯ ಬೇರೆ ಖಾತೆ. ಹಳೆಯ ಅನುಮತಿಗಳು ಅದಕ್ಕೆ ಬರುವುದಿಲ್ಲ.

ಇನ್ನು ಮುಖ್ಯ ವಿಷಯ. ನಮ್ಮ ಅನೇಕ ಸಂಸ್ಥೆಗಳಲ್ಲಿ ಮುಖ್ಯೋಪಾಧ್ಯಾಯರ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿರುತ್ತದೆ. ಎಲ್ಲರೂ ಅದರಲ್ಲೇ ಕೆಲಸ ಮಾಡುತ್ತಾರೆ. ನಂಬಿಕೆ ಒಳ್ಳೆಯದೇ. ಆದರೆ ಹತ್ತನೇ ತರಗತಿಯ ಹುಡುಗಿಯೊಬ್ಬಳ ಜನ್ಮದಿನಾಂಕ ಬದಲಾಗಿದ್ದರೆ, ತಿದ್ದಿದವರು ಯಾರೆಂದು ಕೇಳಿದಾಗ ಯಂತ್ರ ಹೇಳುವುದು ಮುಖ್ಯೋಪಾಧ್ಯಾಯರ ಹೆಸರನ್ನೇ. ಆಕೆಯ ತಂದೆ ದಾಖಲೆ ಸರಿಪಡಿಸಲು ಕೂಲಿ ಬಿಟ್ಟು ಕಚೇರಿಗಳಿಗೆ ಅಲೆಯುತ್ತಾನೆ. ಪಾಸ್‌ವರ್ಡನ್ನು ಯಾರಿಗೂ ಹೇಳುವ ಅಗತ್ಯವೇ ಇಲ್ಲ. ಜಾಲ ನೋಡಿಕೊಳ್ಳುವವರೂ ಅದನ್ನು ಓದಲಾರರು. ಮರೆತರೆ ಹೊಸದನ್ನು ಕೊಡಬಲ್ಲರು, ಅಷ್ಟೇ.

ಎರಡು ಕಂಪ್ಯೂಟರಿನ ಶಾಲೆಗೆ ಸರ್ವರ್, ಡೈರೆಕ್ಟರಿ ಯಾವುದೂ ಬೇಡ, ಅದು ದುಂದುವೆಚ್ಚ. ಅಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ಮಾಡಿಕೊಟ್ಟರೆ ಸಾಕು. ಅದನ್ನು ವಿಂಡೋಸ್‌ನಲ್ಲೇ ಮಾಡಬಹುದು, ಖರ್ಚಿಲ್ಲ. ಊಟದ ನಂತರ ಪಕ್ಕದ ಕೊಠಡಿಯಲ್ಲಿ ತೋರಿಸುತ್ತೇನೆ, ದಯವಿಟ್ಟು ಕಚೇರಿ ಸಿಬ್ಬಂದಿಯವರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.