ಮೂರನೆಯ ತಂತಿ

(ರಾಷ್ಟ್ರೀಯ ವಿಜ್ಞಾನ ದಿನದಂದು ಹಳ್ಳಿಯ ಶಾಲೆಯ ಅಂಗಳದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರಗಳ ವಿಷಯ ಹೇಳಬೇಕಾದ ಗ್ರಾಮಸೇವಕ ಇಂದು ವಿದ್ಯುತ್ತಿನ ಮಾತು ಎತ್ತಿದ್ದಾನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ನಾನು ಇಂಜಿನಿಯರನಲ್ಲ, ಬೇಸಾಯದ ಡಿಪ್ಲೊಮಾ ಓದಿದವನು. ಆದರೆ ಈಗ ವಿದ್ಯುತ್ತಿಲ್ಲದೆ ಬೇಸಾಯವೆಲ್ಲಿ? ಕೊಳವೆ ಬಾವಿಯ ನೀರು ಮೇಲೆ ಬರುವುದು ಅದರಿಂದ, ಮೇವು ಕತ್ತರಿಸುವುದು ಅದರಿಂದ. ಇನ್ನೊಂದು ಕಾರಣವೂ ಉಂಟು. ಶಾಲೆಯಲ್ಲಿದ್ದಾಗ ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಮಾತಿನ ಕೊನೆಗೆ ಹೇಳುತ್ತೇನೆ.

ಮೊದಲು ಒಂದು ಆಟ. ಈ ಹುಡುಗ ಇಲ್ಲಿ ಬಂದು ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆಯನ್ನು ಹತ್ತಾರು ಸಲ ಬಾಚಿಕೊಳ್ಳಲಿ. ನಮ್ಮ ಮಕ್ಕಳೆಲ್ಲ ಎಣ್ಣೆ ಹಚ್ಚಿಕೊಂಡು ಬರುವುದರಿಂದ ಒಂದು ಒಣ ತಲೆಯನ್ನು ಹುಡುಕುವುದೇ ಕಷ್ಟವಾಯಿತು! ಈಗ ಬಾಚಣಿಗೆಯನ್ನು ಮೇಜಿನ ಮೇಲಿನ ಕಾಗದದ ಚೂರುಗಳ ಹತ್ತಿರ ಹಿಡಿಯಲಿ. ನೋಡಿದಿರಾ, ಚೂರುಗಳು ಎದ್ದು ಬಂದು ಅಂಟಿಕೊಂಡವು. ಇದರಲ್ಲಿ ಮಂತ್ರವಿಲ್ಲ. ಎಲ್ಲ ವಸ್ತುಗಳಲ್ಲಿಯೂ ಎಲೆಕ್ಟ್ರಾನು ಎಂಬ ಅತಿ ಸೂಕ್ಷ್ಮ ಕಣಗಳಿವೆ. ಉಜ್ಜಿದಾಗ ಕೂದಲಿನಿಂದ ಕೆಲವು ಎಲೆಕ್ಟ್ರಾನುಗಳು ಬಾಚಣಿಗೆಗೆ ಹೋದವು. ಹೆಚ್ಚು ಪಡೆದ ಬಾಚಣಿಗೆ ಋಣ ವಿದ್ಯುತ್ತುಳ್ಳದ್ದಾಯಿತು, ಕಳೆದುಕೊಂಡ ಕೂದಲು ಧನ ವಿದ್ಯುತ್ತುಳ್ಳದ್ದಾಯಿತು. ಹೊಸದಾಗಿ ಏನೂ ಹುಟ್ಟಲಿಲ್ಲ. ಇದ್ದದ್ದು ಜಾಗ ಬದಲಿಸಿತು, ಅಷ್ಟೆ. ನೈಲಾನ್ ಸೀರೆ ಮಡಿಸುವಾಗ ಚಟಪಟ ಎನ್ನುವುದೂ ಇದೇ. ಈಗ ಗಾಳಿ ಒಣಗಿದೆ, ಆದ್ದರಿಂದ ಆಟ ನಡೆಯಿತು. ಮಳೆಗಾಲದಲ್ಲಿ ತೇವ ಕವಿದು ಈ ವಿದ್ಯುತ್ತು ಸೋರಿಹೋಗುತ್ತದೆ.

ಹೀಗೆ ಒಂದು ಕಡೆ ಸೇರಿ ನಿಂತ ವಿದ್ಯುತ್ತಿಗೆ ಸ್ಥಾಯೀ ವಿದ್ಯುತ್ತು ಎಂದು ಹೆಸರು. ತಂತಿಯಲ್ಲಿ ಹರಿಯುವುದು ಪ್ರವಾಹ ವಿದ್ಯುತ್ತು. ಕೆರೆಯಲ್ಲಿ ನಿಂತ ನೀರು, ಕಾಲುವೆಯಲ್ಲಿ ಹರಿಯುವ ನೀರು ಎಂದುಕೊಳ್ಳಿ. ನೀರು ಎರಡೂ ಕಡೆ ಒಂದೇ.

ನಿಂತ ನೀರು ಒಮ್ಮೆಗೇ ಏರಿ ಒಡೆದರೆ ಏನಾದೀತು? ಆಕಾಶದಲ್ಲಿ ಆಗುವುದು ಅದೇ. ಗುಡುಗಿನ ಮೋಡದೊಳಗೆ ಮಂಜಿನ ಹರಳುಗಳೂ ಮೆದು ಆಲಿಕಲ್ಲಿನ ಚೂರುಗಳೂ ಒಂದಕ್ಕೊಂದು ತಾಗುತ್ತ ಏರಿಳಿಯುತ್ತವೆ. ಬಾಚಣಿಗೆ ಮತ್ತು ಕೂದಲಿನ ಹಾಗೆಯೇ ಅವುಗಳ ನಡುವೆ ವಿದ್ಯುತ್ತು ಬೇರೆಯಾಗುತ್ತದೆ. ಸಾಮಾನ್ಯವಾಗಿ ಮೋಡದ ಮೇಲ್ಭಾಗ ಧನ, ಕೆಳಭಾಗ ಋಣ. ಗಾಳಿ ತಡೆಯಲಾರದಷ್ಟು ಸೇರಿದಾಗ ಅದು ಭೂಮಿಗೆ ಹಾರುತ್ತದೆ. ಅದೇ ಸಿಡಿಲು. ಅದರ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಷಿಯಸ್‌ವರೆಗೆ ಕಾದು ಸಿಡಿಯುವ ಶಬ್ದವೇ ಗುಡುಗು.

ಸಿಡಿಲು ವಿದ್ಯುತ್ತೇ ಎಂಬುದು ಖಚಿತವಾದದ್ದು 1752ರಲ್ಲಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದಂತೆ ಫ್ರಾನ್ಸಿನಲ್ಲಿ ಎತ್ತರದ ಕಬ್ಬಿಣದ ಸರಳೊಂದನ್ನು ನಿಲ್ಲಿಸಿ ಮೋಡದ ವಿದ್ಯುತ್ತಿನಿಂದ ಕಿಡಿಗಳನ್ನು ಪಡೆದರು. ಮರುವರ್ಷ, 1753ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ವಿಜ್ಞಾನಿ ತನ್ನ ಮನೆಯಲ್ಲಿ ಅಂತಹುದೇ ಸಲಕರಣೆ ಹೂಡಿದನು. ಅವನ ಸರಳು ಭೂಮಿಗೆ ಸೇರಿರಲಿಲ್ಲ. ಗುಡುಗು ಮಳೆಯಲ್ಲಿ ಅವನು ಬಗ್ಗಿ ನೋಡುತ್ತಿದ್ದಾಗ ವಿದ್ಯುತ್ತು ಅವನ ಮೈಯನ್ನೇ ದಾರಿ ಮಾಡಿಕೊಂಡಿತು, ಅಲ್ಲಿಯೇ ಸತ್ತನು. ಈ ಒಂದು ಮಾತನ್ನು ನೆನಪಿನಲ್ಲಿಡಿ. ವಿದ್ಯುತ್ತಿಗೆ ಭೂಮಿಗೆ ಹೋಗಲು ನಾವು ಒಳ್ಳೆಯ ದಾರಿ ಮಾಡಿಕೊಡದಿದ್ದರೆ ಅದು ನಮ್ಮ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳು ಬರುವಾಗ ಸಿಡಿಲು ಹೆಚ್ಚು. ಆಗ ನಾವು ಹೊಲದಲ್ಲಿ ಬಯಲಲ್ಲಿರುತ್ತೇವೆ. ನಮ್ಮ ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಮಿಂಚು ಕಂಡಕೂಡಲೆ ಒಂದು, ಎರಡು ಎಂದು ಎಣಿಸಿರಿ. ಸದ್ದು ಒಂದು ಕಿಲೋಮೀಟರು ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗೆ ಇದೆ. ಕೆಲಸ ಬಿಟ್ಟು ಗಟ್ಟಿ ಮನೆಯೊಳಗೆ ಸೇರಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬರಬೇಡಿ. ಮರದಡಿಯಲ್ಲಿ ನಿಲ್ಲುವುದು ಬೇಡವೇ ಬೇಡ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯವರು ಮಾಡಿರುವ ‘ದಾಮಿನಿ’ ಎಂಬ ಮೊಬೈಲ್ ಆಪ್ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಮಕ್ಕಳೆ, ಅದನ್ನು ಮನೆಯ ಹಿರಿಯರಿಗೆ ಹಾಕಿಕೊಡಿರಿ.

ಮರದ ಕೆಳಗೆ ಕಟ್ಟಿದ ದನಗಳು ಸಾಲಾಗಿ ಸತ್ತು ಬೀಳುವುದೇಕೆ? ಸಿಡಿಲು ಬುಡಕ್ಕೆ ಇಳಿದು ನೆಲದಲ್ಲಿ ಹರಡುವಾಗ ಹತ್ತಿರದ ನೆಲಕ್ಕೂ ದೂರದ ನೆಲಕ್ಕೂ ವಿದ್ಯುತ್ತಿನ ಒತ್ತಡದಲ್ಲಿ ವ್ಯತ್ಯಾಸವಿರುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ನಾಲ್ಕೈದು ಅಡಿ ಅಂತರ, ನಡುವೆ ಗುಂಡಿಗೆ. ಆದ್ದರಿಂದ ಮನುಷ್ಯನಿಗಿಂತ ದನಕ್ಕೆ ಅಪಾಯ ಹೆಚ್ಚು. ಹರಿದು ಬಿದ್ದ ಲೈನಿನ ಬಳಿಯೂ ಹೀಗೆಯೇ. ಅಲ್ಲಿ ದೊಡ್ಡ ಹೆಜ್ಜೆ ಹಾಕದೆ, ಎರಡು ಪಾದಗಳನ್ನೂ ಕೂಡಿಸಿ ಇಷ್ಟಿಷ್ಟೇ ಸರಿಯುತ್ತ ದೂರ ಬರಬೇಕು.

ಇನ್ನು ಮನೆಗೆ ಬರೋಣ. ನಮ್ಮ ನಾಡಿಗೆ ವಿದ್ಯುತ್ತು ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಇಂದು ನಮ್ಮ ಮನೆಗೆ ಬರುವುದು 230 ವೋಲ್ಟಿನ ವಿದ್ಯುತ್ತು. ವೋಲ್ಟು ಎಂದರೆ ನೀರನ್ನು ನೂಕುವ ಎತ್ತರದ ಹಾಗೆ. ಆಂಪಿಯರು ಎಂದರೆ ಹರಿಯುವ ನೀರಿನ ಪ್ರಮಾಣದ ಹಾಗೆ. ಫೇಸ್ ತಂತಿಯಲ್ಲಿ ಬಂದು, ದೀಪದಲ್ಲಿ ಕೆಲಸ ಮಾಡಿ, ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗುವ ಈ ಪೂರ್ಣ ಸುತ್ತಿಗೆ ಮಂಡಲ ಎನ್ನುತ್ತಾರೆ. ಸುತ್ತು ಎಲ್ಲಿ ಕಡಿದರೂ ಹರಿವು ನಿಲ್ಲುತ್ತದೆ. ಸ್ವಿಚ್ಚು ಮಾಡುವುದು ಅಷ್ಟೆ. ಆ ಸ್ವಿಚ್ಚು ಫೇಸ್ ತಂತಿಯ ಮೇಲೆಯೇ ಇರಬೇಕು. ನ್ಯೂಟ್ರಲ್ ಮೇಲಿದ್ದರೆ ದೀಪ ಆರಿದರೂ ಹೋಲ್ಡರಿನಲ್ಲಿ ಶಾಕು ಕಾದಿರುತ್ತದೆ.

ಗಣಪತಿ ಹಬ್ಬಕ್ಕೆ ಕಟ್ಟುವ ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಕೆಟ್ಟರೆ ಸಾಲೇ ಆರಿಹೋಗುತ್ತಿತ್ತು. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಬಿಟ್ಟ ಹಾಗೆ ಅದು. ಮೇಲಿನವನು ಬದು ಕಟ್ಟಿದರೆ ಕೆಳಗಿನವನಿಗಿಲ್ಲ. ಮನೆಯಲ್ಲಿ ಹಾಗಲ್ಲ. ಪ್ರತಿ ದೀಪಕ್ಕೂ ಕಾಲುವೆಯಿಂದ ಬೇರೆ ಬೇರೆ ಮಡೆ ಒಡೆದಂತೆ ತಂತಿ ಎಳೆದಿರುತ್ತಾರೆ. ಆದ್ದರಿಂದ ಒಂದು ಆರಿದರೂ ಉಳಿದವು ಉರಿಯುತ್ತವೆ. ಆದರೆ ಮಡೆಗಳು ಹೆಚ್ಚಾದಷ್ಟೂ ಕಾಲುವೆಯಲ್ಲಿ ಹರಿವು ಹೆಚ್ಚು. ಮಕ್ಕಳೆ, ಲೆಕ್ಕ ಮಾಡಿ: 1,500 ವಾಟಿನ ನೀರು ಕಾಯಿಸುವ ಸರಳು, 230 ವೋಲ್ಟು, ಭಾಗಿಸಿದರೆ ಸುಮಾರು ಆರೂವರೆ ಆಂಪಿಯರು. ಅದನ್ನು ದೀಪದ 5 ಆಂಪಿಯರಿನ ಪ್ಲಗ್ಗಿಗೆ ಹಾಕಿದರೆ ತಂತಿ ಕಾಯುತ್ತದೆ. ತಂತಿ ಹೆಚ್ಚು ಕಾದಾಗ ಕರಗಿ ಸುತ್ತು ಕಡಿಯುವುದೇ ಫ್ಯೂಜಿನ ಕೆಲಸ. ಅದು ಮತ್ತೆ ಮತ್ತೆ ಹೋಗುತ್ತದೆಂದು ದಪ್ಪ ತಂತಿ ಸುತ್ತಿದರೆ, ಬೊಗಳುವ ನಾಯಿಯ ಬಾಯಿ ಕಟ್ಟಿ ಕಳ್ಳನನ್ನು ಕರೆದಂತೆ.

ಒಂದು ಪ್ರಶ್ನೆ. ತಂತಿಯ ಮೇಲೆ ಕುಳಿತ ಗುಬ್ಬಿಗೆ ಶಾಕು ಹೊಡೆಯುವುದಿಲ್ಲ, ನೆಲದ ಮೇಲೆ ನಿಂತ ನಮಗೆ ಹೊಡೆಯುತ್ತದೆ, ಏಕೆ? ನೀವು ಟಿ.ಸಿ. ಎನ್ನುವ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ನ್ಯೂಟ್ರಲನ್ನು ಭೂಮಿಗೆ ಸೇರಿಸಿರುತ್ತಾರೆ. ಆದ್ದರಿಂದ ಫೇಸ್ ಮುಟ್ಟಿದವನ ಮೈಯಿಂದ ನೆಲಕ್ಕೆ, ನೆಲದಿಂದ ಟಿ.ಸಿ.ಗೆ ಸುತ್ತು ಪೂರ್ಣವಾಗುತ್ತದೆ. ಗುಬ್ಬಿಗೆ ನೆಲದ ಸಂಬಂಧವಿಲ್ಲ. ಒದ್ದೆ ಮೈಯ ತಡೆ ಸುಮಾರು 1,000 ಓಮ್ ಎಂದು ಹಿಡಿದರೆ 230 ವೋಲ್ಟಿಗೆ 230 ಮಿಲಿ ಆಂಪಿಯರು ಹರಿಯುತ್ತದೆ. ಗುಂಡಿಗೆ ನಿಲ್ಲಲು ಅದು ಸಾಕು. ಆದರೆ 5 ಆಂಪಿಯರಿನ ಫ್ಯೂಜಿಗೆ ಅದು ಗೊತ್ತೇ ಆಗುವುದಿಲ್ಲ! ಫ್ಯೂಜು ತಂತಿಯನ್ನು ಕಾಯುತ್ತದೆ, ನಮ್ಮನ್ನಲ್ಲ.

ನಮ್ಮನ್ನು ಕಾಯಲು ಇರುವುದೇ ಮೂರನೆಯ ತಂತಿ. ಹಸುರು ಬಣ್ಣದ್ದು, ಇಲ್ಲವೆ ಹಸುರು ಹಳದಿ ಪಟ್ಟೆಯದು. ಮೋಟಾರು, ಇಸ್ತ್ರಿ ಪೆಟ್ಟಿಗೆ ಮುಂತಾದವುಗಳ ಕಬ್ಬಿಣದ ಮೈಯನ್ನು ಅದು ಭೂಮಿಗೆ ಸೇರಿಸುತ್ತದೆ. ಒಳಗೆ ತಂತಿ ಸವೆದು ಮೈಗೆ ತಾಗಿದರೆ ವಿದ್ಯುತ್ತು ಈ ಸುಲಭವಾದ ದಾರಿಯಲ್ಲಿ ಇಳಿಯುತ್ತದೆ. ಹರಿವು ಹೆಚ್ಚಿ ಫ್ಯೂಜು ಹೋಗುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉದ್ದವಾಗಿ ದಪ್ಪವಾಗಿದೆ. ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ಸೇರಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ನಾನು ಹತ್ತನೆಯ ತರಗತಿಯಲ್ಲಿದ್ದೆ. ಮಂಡಲದ ಚಿತ್ರ ಬರೆದು ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಿದ್ದೆ. ಅಪ್ಪ ಬಾವಿಗೆ ಅರ್ಧ ಕುದುರೆ ಶಕ್ತಿಯ ಮೋಟಾರು ತಂದರು. ಅದರ ಪ್ಲಗ್ಗಿಗೆ ಮೂರು ಪಿನ್ನು, ನಮ್ಮ ಹಳೆಯ ಗೋಡೆಯಲ್ಲಿ ಎರಡೇ ತೂತು. ‘ಮಗ ಓದಿದ್ದಾನೆ, ನೋಡುತ್ತಾನೆ’ ಎಂದರು ಅಪ್ಪ. ನಾನು ಮೇಲಿನ ಪಿನ್ನನ್ನು ಬಿಚ್ಚಿ ಎಸೆದೆ. ಮೋಟಾರು ಓಡಿತು, ನೀರು ಬಂತು, ಎಲ್ಲರೂ ಹೊಗಳಿದರು. ಎರಡು ತಂತಿ ಸಾಕು, ಮೂರನೆಯದು ದಂಡ ಎಂದು ನಾನೂ ನಂಬಿದೆ. ಒಂದು ವರ್ಷ ಏನೂ ಆಗಲಿಲ್ಲ. ಮಳೆಗಾಲದ ಒಂದು ಬೆಳಗ್ಗೆ ಅವ್ವ ಮೋಟಾರು ಹಾಕಿ ಕೊಡ ತರಲು ಒಳಕ್ಕೆ ಹೋಗಿದ್ದಳು. ಹಟ್ಟಿಯಿಂದ ಬಂದ ನಮ್ಮ ಎಮ್ಮೆ ಕಬ್ಬಿಣದ ಪೈಪಿನ ಬಾಯಿಗೆ ಮೂತಿ ಇಟ್ಟಿತು. ಕೂಗದೆ ಹಾಗೆಯೇ ಕುಸಿಯಿತು. ಮೋಟಾರಿನೊಳಗೆ ತೇವ ಇಳಿದು ಅದರ ಮೈಗೂ ಪೈಪಿಗೂ ವಿದ್ಯುತ್ತು ಬಂದಿತ್ತು. ಇಳಿಯಲು ಇದ್ದ ದಾರಿಯನ್ನು ನಾನು ಬಿಚ್ಚಿ ಎಸೆದಿದ್ದೆ. ಐದು ಸೇರು ಹಾಲು ಕೊಡುತ್ತಿದ್ದ ಎಮ್ಮೆ. ಅವ್ವ ಆ ಪೈಪನ್ನೇ ಹಿಡಿದು ಕೊಡಕ್ಕೆ ತಿರುಗಿಸುವವಳು. ಒಳಗಿನಿಂದ ಬಂದವಳು ಕೊಡ ಕಂಕುಳಲ್ಲಿಟ್ಟುಕೊಂಡೇ ನಿಂತಿದ್ದಳು. ಅವಳು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಇಂದಿಗೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಪ್ಲಗ್ಗಿನ ಮೇಲೆ ಹೋಗುತ್ತದೆ.

ಆದ್ದರಿಂದ ತಾವೆಲ್ಲರೂ ಈ ಮಳೆಗಾಲಕ್ಕೆ ಮುಂಚೆ ಇಷ್ಟು ಮಾಡಬೇಕೆಂದು ಬೇಡುತ್ತೇನೆ:

1. ಮನೆಗೂ ಪಂಪ್‌ಸೆಟ್ಟಿಗೂ ಅರ್ತಿಂಗ್ ಮಾಡಿಸಿರಿ. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರು ಸುಮಾರು ಎಂಟು ಅಡಿಯ ಪೈಪನ್ನು ಇದ್ದಿಲು, ಉಪ್ಪಿನೊಡನೆ ಹೂಳುತ್ತಾರೆ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಿ. ಒಣ ನೆಲ ವಿದ್ಯುತ್ತನ್ನು ಚೆನ್ನಾಗಿ ಒಯ್ಯದು.

2. ನೆಲ ಒಣಗಿದ್ದಾಗ ಫ್ಯೂಜು ಹೋಗುವಷ್ಟು ಹರಿವು ಬಾರದೆ ಇರಬಹುದು. ಆದ್ದರಿಂದ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸಾಧನವನ್ನೂ ಮನೆಗೆ ಹಾಕಿಸಿರಿ. ಹೋದ ವಿದ್ಯುತ್ತು ಪೂರ್ತಿ ಹಿಂದಿರುಗದೆ ಎಲ್ಲಾದರೂ ಸೋರಿದರೆ ಅದು ಕ್ಷಣದಲ್ಲಿ ಕಡಿಯುತ್ತದೆ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಿರಿ.

3. ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಬೇಡ. ನೈಲಾನ್ ಹಗ್ಗ ಕಟ್ಟಿರಿ. ಸರ್ವಿಸ್ ಕಂಬಕ್ಕೆ ದನ ಕಟ್ಟಬೇಡಿ.

4. ಹಂದಿಯ ಕಾಟಕ್ಕೆಂದು ಬೇಲಿಗೆ ಲೈನಿನ ವಿದ್ಯುತ್ತು ಕೊಡಬೇಡಿ. ಅದು ಅಪರಾಧ, ಕತ್ತಲಲ್ಲಿ ಬೇಲಿಗೆ ಹಂದಿ ಯಾವುದು, ನೆರೆಯವನ ಮಗ ಯಾರು ಎಂದು ತಿಳಿಯದು.

5. ಯಾರಿಗಾದರೂ ಶಾಕು ಹೊಡೆದರೆ ಓಡಿಹೋಗಿ ಮುಟ್ಟಬೇಡಿ. ಮೊದಲು ಮೆಯಿನ್ ಸ್ವಿಚ್ಚು ತೆಗೆಯಿರಿ. ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಕೋಲಿನಿಂದ ಬಿಡಿಸಿರಿ. ಆದರೆ ದೊಡ್ಡ ಲೈನಿಗೆ ಸಿಕ್ಕಿದ್ದರೆ ಕೋಲೂ ಕಾಯದು. ದೂರ ನಿಂತು 1912ಕ್ಕೆ ಫೋನು ಮಾಡಿ ಲೈನು ತೆಗೆಸಿರಿ. ಸಿಡಿಲು ಹೊಡೆದವರನ್ನು ಮಾತ್ರ ಕೂಡಲೆ ಮುಟ್ಟಬಹುದು. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ. 108ಕ್ಕೆ ಫೋನು ಮಾಡಿಸಿರಿ.

ಮಕ್ಕಳೆ, ನಿಮಗೆ ಒಂದು ಮನೆಗೆಲಸ. ಇಂದು ಸಂಜೆ ಮನೆಯಲ್ಲಿ ಯಾವುದನ್ನೂ ಮುಟ್ಟದೆ, ಮೂರನೆಯ ಪಿನ್ನಿಲ್ಲದ ಪ್ಲಗ್ಗು ಎಷ್ಟಿವೆ ಎಂದು ಕಣ್ಣಿನಿಂದ ನೋಡಿ ಬರೆದು ತನ್ನಿರಿ. ಪಟ್ಟಿಯನ್ನು ನನಗೆ ಕೊಡಿರಿ. ಹಿರಿಯರೊಡನೆ ಕುಳಿತು ಮಾತನಾಡುವುದು ನನ್ನ ಕೆಲಸ.